ಸ್ವಾಗತವಿಲ್ಲದ ಹತ್ತು ನಿಮಿಷ

ಕರಾವಳಿಯಲ್ಲಿ ಒಂದು ಕ್ರಿಕೆಟ್ ಪಂದ್ಯ ನಿಲ್ಲಬೇಕಾದರೆ ಮಳೆಯೇ ಬರಬೇಕೆಂದಿಲ್ಲ. ಒಬ್ಬ ಅತಿಥಿ ಬಂದರೂ ಸಾಕು. ಅವರ ಕಾರು ಮೈದಾನದ ಗೇಟಿನೊಳಗೆ ಮೂತಿ ತೂರಿಸಿತೋ ಇಲ್ಲವೋ, ಚೆಂಡೆಸೆಯಲು ಕೈ ಹಿಂದಕ್ಕೆ ಒಯ್ದವನು ಅದನ್ನು ಹಾಗೆಯೇ ಇಳಿಸುತ್ತಾನೆ, ಅಂಪೈರು ಟೊಪ್ಪಿ ನೆಟ್ಟಗೆ ಮಾಡಿಕೊಳ್ಳುತ್ತಾರೆ, ಕಂಬಕ್ಕೆ ಕಟ್ಟಿದ ಧ್ವನಿವರ್ಧಕ ಗಂಟಲು ಸರಿಪಡಿಸಿಕೊಳ್ಳುತ್ತದೆ. ‘ಇದೀಗ ನಮ್ಮ ನಡುವೆ ಆಗಮಿಸುತ್ತಿರುವ, ಕೊಡುಗೈ ದಾನಿ, ಮುಂಬಯಿಯ ಹೋಟೆಲ್ ಉದ್ಯಮಿ, ಸರಳ ಸಜ್ಜನಿಕೆಯ...’ ಎರಡೂ ತಂಡಗಳು ಸಾಲಾಗಿ ನಿಲ್ಲುತ್ತವೆ. ಅತಿಥಿಗಳು ಕೈ ಕುಲುಕುತ್ತಾ ಬರುತ್ತಾರೆ. ಫೋಟೋ. ಶಾಲು. ಮತ್ತೆ ಫೋಟೋ. ಆಮೇಲೆ ಚೆಂಡು. ಅಷ್ಟರಲ್ಲಿ ಬ್ಯಾಟು ಹಿಡಿದವನಿಗೆ ಗೆಲ್ಲಲು ಎಷ್ಟು ರನ್ನು ಬೇಕೆಂಬುದೇ ಮರೆತಿರುತ್ತದೆ.

ಈ ‘ಇದೀಗ ನಮ್ಮ ನಡುವೆ’ಯನ್ನು ಉಡುಪಿ ಸೀಮೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲವಳೆಂದು ಹೆಸರಾದವಳು ಕಾಪುವಿನ ಶರೋನ್ ಮಥಾಯಸ್. ಆ ಹೆಸರಿನ ಮೇಲೆ ಅವಳಿಗಿದ್ದಷ್ಟು ಸಿಟ್ಟು ಭೂಮಿಯ ಮೇಲೆ ಇನ್ನಾವುದರ ಮೇಲೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅತಿಥಿಯಲ್ಲ, ಚೆಂಡು. ಚೆಂಡು ಕೈ ಬಿಟ್ಟಲ್ಲಿಂದ ಬೇಲಿ ದಾಟುವವರೆಗೆ ಅದರ ಬೆನ್ನು ಹತ್ತಿ ಮಾತಿನಲ್ಲಿ ಓಡಬೇಕು. ಆದರೆ ಆ ಓಟ ಗಂಡಸರ ಪಾಲು. ಚೆಂಡಿಗೂ ಚೆಂಡಿಗೂ ನಡುವಿನ ಬಿಡುವು, ಅಂದರೆ ಪ್ರಾಯೋಜಕರು, ದಾನಿಗಳು, ಅದೃಷ್ಟ ಚೀಟಿ, ದಾರಿಗೆ ಅಡ್ಡ ನಿಲ್ಲಿಸಿದ ಬಿಳಿ ಕಾರಿನ ನಂಬರು, ಇಷ್ಟು ಅವಳ ಪಾಲು.

ರಕ್ತದಲ್ಲೇ ಬಂದದ್ದು ಎನ್ನುವವರಿದ್ದರು. ಅವಳ ತಂದೆ ಓಸ್ವಾಲ್ಡ್ ಕುವೈಟಿನಲ್ಲಿ ಏಸಿ ರಿಪೇರಿ ಮಾಡಿ, ಊರಿಗೆ ಮರಳಿದ ಮೇಲೆ ಕ್ರಿಶ್ಚಿಯನ್ ಮದುವೆಗಳಲ್ಲಿ ಮೈಕ್ ಹಿಡಿದವರು. ಕಾಪುವಿನಿಂದ ಶಿರ್ವದವರೆಗೆ, ಅವರು ವೈನಿನ ಗ್ಲಾಸೆತ್ತಿ ಹಾರೈಸದೆ ಸಂಸಾರಕ್ಕಿಳಿದ ಜೋಡಿಗಳು ಕಡಿಮೆ. ಅವರದು ಮೈಕ್ ಬೇಡದ ಸ್ವರ. ಮೈಕನ್ನು ಅವರು ಹಿಡಿಯುತ್ತಿದ್ದದ್ದು ಮರ್ಯಾದೆಗೆ. ಅವರಿಗೊಂದು ಸಿದ್ಧಾಂತವೂ ಇತ್ತು.

"ಮೈಕ್ ಇರುವುದು ಹೆಸರು ಹೇಳ್ಲಿಕ್ಕೆ, ಬಾಯೆ," ಎಂದು ಮಗಳಿಗೆ ಹೇಳಿಕೊಟ್ಟಿದ್ದರು. "ಊಟ ಚೆನ್ನಾಗಿಲ್ಲದಿದ್ರೆ ಜನ ಮರೀತಾರೆ. ಹೆಸರು ಬಿಟ್ಟುಹೋದ್ರೆ ಮರೆಯುವುದಿಲ್ಲ. ಪಾಂಗಾಳದ ಮದುವೆಯಲ್ಲಿ ಮದುಮಗಳ ಸೋದರಮಾವನ ಹೆಸರು ಬಿಟ್ಟಿದ್ದೆ. ಪುಣ್ಯಾತ್ಮ ಈಗಲೂ ನನ್ನನ್ನು ಕಂಡರೆ ರಸ್ತೆ ದಾಟ್ತಾನೆ. ನ್ಯಾಷನಲ್ ಹೈವೇ ಅದು! ಅಷ್ಟು ಲಾರಿಗಳ ಮಧ್ಯೆ!"

ಶರೋನ್ ಕೂತಲ್ಲಿ ಕೂರುವ ಮಗುವಾಗಿರಲಿಲ್ಲ. ಅವಳ ಕಾಲಾಡಿ ಕಾಲಾಡಿ ಊಟದ ಮೇಜಿನ ಒಂದು ಕಾಲೇ ಸಡಿಲವಾಗಿತ್ತು. ಅಕ್ಕಪಕ್ಕದ ಹುಡುಗರು ತೆಂಗಿನಮರವನ್ನೇ ಸ್ಟಂಪು ಮಾಡಿಕೊಂಡು ಆಡುವಾಗ ಅವಳು ಸೌಟನ್ನೇ ಮೈಕಾಗಿ ಹಿಡಿದು ಗೋಡೆಯ ಮೇಲೆ ನಿಲ್ಲುತ್ತಿದ್ದಳು. ಹುಡುಗರು ಮನೆಗೆ ಹೋದ ಮೇಲೆ ಅಡುಗೆಮನೆ ಸಿಗುತ್ತಿತ್ತು. ‘ಬರ್ತಾ ಮಥಾಯಸ್ ಅವರು ಬಂಗುಡೆಯ ಬಾಲ ಹಿಡಿದಿದ್ದಾರೆ, ತಿರುವಿ ಹಾಕುತ್ತಾರೆಯೇ, ಇಲ್ಲ, ಕಾಯುತ್ತಿದ್ದಾರೆ, ಎಣ್ಣೆ ಸಿಡಿಯಿತು, ಒಂದು ಹೆಜ್ಜೆ ಹಿಂದಕ್ಕೆ...’

"ಸೈಬಾ ಭೊಗೊಸ್! ಈ ಹುಡುಗಿಗೆ ಯಾರಾದರೂ ಒಂದು ಸ್ವಿಚ್ ಇಡಿ," ಎಂದು ತಾಯಿ ಬರ್ತಾ ದೇವರಲ್ಲಿ ಮೊರೆಯಿಡುತ್ತಿದ್ದರು. ಇಗರ್ಜಿಯಲ್ಲಿ ಬೈಬಲ್ ವಾಚನಕ್ಕೆ ನಿಲ್ಲಿಸಿದರೆ ಅಲ್ಲೂ ಅದೇ ವೇಗ. "ಅದು ಸಂತ ಪಾವ್ಲನ ಪತ್ರ ಮಗಾ, ಕೊನೆಯ ಓವರಲ್ಲ," ಎಂದು ವಿಗಾರರು ಬೆನ್ನು ತಟ್ಟಿ ಬೇರೆಯವಳನ್ನು ನೇಮಿಸಿದರು.

ಶಾಲೆಯ ಕ್ರೀಡಾಕೂಟದಲ್ಲಿ ಹುಡುಗರು ಓಟದ ವಿವರಣೆ ಕೊಟ್ಟರೆ ಇವಳದು ಸ್ವಾಗತ ಭಾಷಣ. ಕಾಲೇಜಿನಲ್ಲಿ ಸ್ವಾಗತ ಮತ್ತು ಹೂಗುಚ್ಛ. ಓದು ಮುಗಿಸಿ ಮಣಿಪಾಲದ ಒಂದು ದಂತ ಚಿಕಿತ್ಸಾಲಯದಲ್ಲಿ ಕೆಲಸ ಸಿಕ್ಕಿತು: ಸ್ವಾಗತ ಕೌಂಟರ್. ವಿಧಿಗೆ ಕೆಲವೊಮ್ಮೆ ಬೇರೆ ಶಬ್ದವೇ ತೋಚುವುದಿಲ್ಲ.

ವಾರವಿಡೀ ಅವಳು ಮೈಕಿನಲ್ಲಿ ಟೋಕನ್ ನಂಬರು ಕರೆಯುತ್ತಿದ್ದಳು; ಶನಿವಾರ ಭಾನುವಾರ ಟೂರ್ನಮೆಂಟು. ಅಲ್ಲಿ ಮೈಕಿನ ಯಜಮಾನ ಅಲೆವೂರಿನ ಕಿಟ್ಟ. ಭುಜಕ್ಕಿಂತ ಮೇಲೆ ಕೈ ಎತ್ತದೆ ಟೆನಿಸ್ ಚೆಂಡೆಸೆಯುವ ನಮ್ಮ ಅಂಡರ್‌ಆರ್ಮ್ ಕ್ರಿಕೆಟ್ಟನ್ನು ದುಬೈಯಲ್ಲಿ ಕೂತವರೂ ಮೊಬೈಲಿನಲ್ಲಿ ನೋಡುವುದು ಕಿಟ್ಟನ ಬಾಯಿಗಾಗಿ. ಅವನ ಪ್ರಕಾರ ಎಲ್ಲ ಚೆಂಡುಗಳೂ ಬಾನಂಗಳಕ್ಕೆ ಹೋಗುತ್ತವೆ. ಕೀಪರನ ಕೈಗೆ ನೇರ ಹೋದವು ಕೂಡ. ಟೂರ್ನಮೆಂಟುಗಳ ಯಜಮಾನ ತಾರಾನಾಥಣ್ಣ, ಯಾವ ಊರಿನ ಪಂದ್ಯವಾದರೂ ಅವರೇ ಗೌರವ ಸಲಹೆಗಾರರು. ಅತಿಥಿಗಳ ಹೆಸರಿನ ಚೀಟಿಗಳನ್ನು ಶರ್ಟಿನ ಜೇಬಿನಿಂದ ಒಂದೊಂದಾಗಿ ತೆಗೆದು ಶರೋನಳ ಮುಂದಿಡುವುದು ಅವರ ಸಲಹೆ.

ಅನಂತೇಶ ಈ ಕಥೆಯೊಳಗೆ ಬಂದದ್ದು ಹಲ್ಲುನೋವಿನ ದಾರಿಯಿಂದ. ಬೆಂಗಳೂರಿನ ಕ್ರೀಡಾ ಚಾನೆಲೊಂದರಲ್ಲಿ ನಿರ್ಮಾಪಕ. ಹುಟ್ಟೂರಿಗೆ ಬಂದಾಗ ದವಡೆ ಕೈಕೊಟ್ಟಿತ್ತು. ಆ ದಿನ ಶರೋನ್ ಟೋಕನ್ ಹದಿನಾರನ್ನು ಕರೆದು ಮೈಕ್ ಆರಿಸಲು ಮರೆತಳು. ಬೇಸರಕ್ಕೆ ಎಂದಿನಂತೆ ತನ್ನಷ್ಟಕ್ಕೇ ಗೊಣಗತೊಡಗಿದಳು. ‘ಹದಿನಾರು ಎದ್ದರು. ಬಲಗಾಲಿನ ಚಪ್ಪಲಿ ಸಿಕ್ಕಿದೆ, ಎಡಗಾಲಿನದಕ್ಕೆ ಹುಡುಕಾಟ ನಡೆದಿದೆ. ಪತ್ನಿ ನೆರವಿಗೆ ಬಂದರು. ಹದಿನೇಳು ಕೆನ್ನೆ ಹಿಡಿದುಕೊಂಡು ಬಾಗಿಲನ್ನೇ ದಿಟ್ಟಿಸುತ್ತಿದ್ದಾರೆ, ಒಳಗಿನಿಂದ ಡ್ರಿಲ್ಲಿನ ಸದ್ದು, ಹದಿನೇಳರ ಮುಖದಲ್ಲಿ ಮೊದಲಿನ ಧೈರ್ಯ ಕಾಣುತ್ತಿಲ್ಲ...’ ಕೋಣೆಗೆ ಕೋಣೆಯೇ ನಕ್ಕಿತು. ಹಿರಿಯ ಡಾಕ್ಟರು ಹೊರಗೆ ಬಂದು ಒಂದು ನೋಟ ನೋಡಿ ಒಳಗೆ ಹೋದರು. ಹದಿನೇಳು ಅರ್ಧ ಬಾಯಲ್ಲಿ ನಕ್ಕಿತು.

ಎರಡು ದಿನ ಕಳೆದು ಫೋನ್ ಬಂತು.

"ನಾನು ಟೋಕನ್ ಹದಿನೇಳು. ಆವತ್ತು ಬಾಯಿ ಮರಗಟ್ಟಿತ್ತು, ಮಾತಾಡೋಕೆ ಆಗ್ಲಿಲ್ಲ." ತಾನು ಯಾರೆಂದು ಹೇಳಿದ. ಚಾನೆಲ್ಲಿನ ಕನ್ನಡ ವಿವರಣೆಗೆ ಹೊಸ ಸ್ವರ ಹುಡುಕುತ್ತಿದ್ದಾರಂತೆ. "ನನಗೊಂದು ರೆಕಾರ್ಡಿಂಗ್ ಕಳಿಸಿ. ನಿಜವಾದ ಪಂದ್ಯ, ಮೈದಾನದಲ್ಲೇ ಕೂತು. ಟೀವಿ ನೋಡ್ಕೊಂಡು ಹೇಳಿದ್ದಾಗಬಾರದು. ಹತ್ತು ನಿಮಿಷ, ಬಿಡದೆ. ಎಲ್ಲೂ ಕತ್ತರಿ ಹಾಕಿರಬಾರದು. ಮತ್ತೆ, ಮಧ್ಯದಲ್ಲಿ ಯಾರನ್ನೂ ಸ್ವಾಗತಿಸಿರಬಾರದು."

"ಹತ್ತು ನಿಮಿಷ? ಸ್ವಾಗತ ಇಲ್ಲದೆ?"

"ನಾನು ಉಡುಪಿ ರಥಬೀದಿಯವನು ಮೇಡಂ," ಎಂದ ಅನಂತೇಶ. ಬೆಂಗಳೂರಿನ ಕನ್ನಡ ಒಂದು ಕ್ಷಣ ಜಾರಿ ಊರಿನದು ಇಣುಕಿತು. "ನನಗೆ ಗೊತ್ತುಂಟು. ಅದಕ್ಕೇ ಹೇಳಿದ್ದು. ಈ ತಿಂಗಳೊಳಗೆ ಕಳಿಸಿ, ಆಮೇಲೆ ಬೇರೆ ಯಾರನ್ನಾದರೂ ತಗೊಂಡು ಬಿಡ್ತಾರೆ."

ಹತ್ತು ನಿಮಿಷ! ಅವಳು ಫೋನಿಟ್ಟು ಕೌಂಟರಿನ ಹಿಂದೆ ಎರಡು ಸುತ್ತು ಹಾಕಿದಳು. ದಿನಕ್ಕೆ ಹದಿನಾಲ್ಕು ಗಂಟೆ ನಡೆಯುವ ಟೂರ್ನಮೆಂಟಿನಲ್ಲಿ ಹತ್ತು ನಿಮಿಷ ಸಿಗದೇ ಇರುತ್ತದೆಯೇ?

ಮೊದಲ ಪ್ರಯತ್ನ ಕಾಪುವಿನಲ್ಲೇ, ದೀಪಸ್ತಂಭದ ಬಳಿಯ ಮರಳಿನಲ್ಲಿ. ಧ್ವನಿವರ್ಧಕ ಹಾಕಿದವನು ನೆವಿಲ್. ಅವಳ ಜೊತೆ ಬಾಲವಾಡಿಯಿಂದ ಓದಿದವನು, ಈಗ ‘ನೆವಿಲ್ ಸೌಂಡ್ಸ್’ನ ಮಾಲೀಕ, ಚಾಲಕ ಮತ್ತು ಏಕೈಕ ಕೆಲಸಗಾರ. ಅವಳ ಮೈಕಿನಿಂದ ನೇರ ತನ್ನ ಲ್ಯಾಪ್‌ಟಾಪಿಗೆ ಒಂದು ವಯರು ಎಳೆದುಕೊಟ್ಟ. ಕಿಟ್ಟ ದೊಡ್ಡ ಮನಸ್ಸು ಮಾಡಿ, "ನಾನು ಒಂದು ಚಾ ಕುಡಿದು ಬರ್ತೇನೆ, ಅಷ್ಟರವರೆಗೆ ನೋಡಿಕೊ," ಎಂದ. ಅವಳು ಉಸಿರೆಳೆದು ಚೆಂಡಿನ ಬೆನ್ನು ಹತ್ತಿದಳು. ಮೂರನೆಯ ಚೆಂಡಿಗೆ ತಾರಾನಾಥಣ್ಣನ ಚೀಟಿ ಬಂತು. ಅದನ್ನೋದಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಒಬ್ಬರ ಬೈಕಿನ ಕೀ ಸಿಕ್ಕಿತ್ತು, ಅದನ್ನು ಹೇಳಬೇಕಾಯಿತು. ಮತ್ತೆ ಮೊದಲಿನಿಂದ. ಮೀನುಗಾರರ ಸಂಘದ ಅಧ್ಯಕ್ಷರು ಬಂದರು. ಮಾಜಿ ಅಧ್ಯಕ್ಷರು ಬಂದರು. ಹಾಲಿಯವರನ್ನು ಮೊದಲು ಕರೆದದ್ದಕ್ಕೆ ಮಾಜಿಯವರು ಮುಖ ಊದಿಸಿಕೊಂಡದ್ದರಿಂದ ಅವರನ್ನು ಇನ್ನೊಮ್ಮೆ ಕರೆಯಬೇಕಾಯಿತು.

"ನಾನು ಚೆಂಡು ನೋಡುವುದಾ, ಗೇಟು ನೋಡುವುದಾ, ತಾರಾನಾಥಣ್ಣ?"

"ನಿನಗೆ ಅಷ್ಟು ಕಾಮೆಂಟರಿಯ ಆಸೆ ಉಂಟೆಂದಾದರೆ ಲೇಡೀಸ್ ತ್ರೋಬಾಲ್ ಉಂಟಲ್ಲ ಮಾರಾಯ್ತಿ. ಅದು ಪೂರ್ತಿ ನೀನೇ ಮಾಡು. ಯಾರೂ ಕೇಳುವುದಿಲ್ಲ."

ಯಾರೂ ಕೇಳುವುದಿಲ್ಲ ಎಂಬುದನ್ನು ಅವರು ಅನುಮತಿಯ ಅರ್ಥದಲ್ಲಿ ಹೇಳಿದ್ದರು. ಮಾತು ಎರಡೂ ಅರ್ಥದಲ್ಲಿ ನಿಜವಾಗಿತ್ತು. ಶರೋನ್ ಬೇಡವೆಂದಳು. ಆ ಕುರ್ಚಿಯಲ್ಲಿ ಒಮ್ಮೆ ಕೂತರೆ ಮತ್ತೆ ಅಲ್ಲಿಂದ ಏಳಲಿಕ್ಕಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೆಂಗಸರ ಪಂದ್ಯಕ್ಕೆ ಹೆಂಗಸು, ಮುಗಿಯಿತು.

ಮುಂದಿನ ಭಾನುವಾರ ಮೈಕಿನ ಸಹವಾಸವೇ ಬೇಡವೆಂದು ಉಡುಪಿಯ ಅಜ್ಜರಕಾಡು ಮೈದಾನಕ್ಕೆ ಹೋಗಿ, ಹಗ್ಗದ ಆಚೆ ಮರದಡಿ ನಿಂತು, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಶುರುಮಾಡಿದಳು. ನಾಲ್ಕು ನಿಮಿಷ ಚೆನ್ನಾಗಿಯೇ ಸಾಗಿತು. ಆಮೇಲೆ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ತಾಯಿಯ ದೂರದ ಸಂಬಂಧಿ ಬೆನೆಡಿಕ್ಟಾ ಆಂಟಿ, ಎರಡು ಕೈಯಲ್ಲೂ ತರಕಾರಿ ಚೀಲ.

"ಯಾರತ್ರ ಇಷ್ಟು ಜೋರಲ್ಲಿ ಜಗಳ, ಬಾಯೆ? ಹುಡುಗ ಎಲ್ಲಿಯವ?"

"ಹುಡುಗ ಇಲ್ಲ ಆಂಟಿ. ನಾನು ಕಾಮೆಂಟರಿ..."

"ಹುಡುಗ ಇಲ್ಲದೆಯೇ ಇಷ್ಟು ಜಗಳವಾ? ಮಮ್ಮಿಗೆ ಗೊತ್ತುಂಟಾ?"

ಉಚ್ಚಿಲದಲ್ಲಿ ಅವಳೇ ಜಾಣತನ ಮಾಡಿದಳು. ಅತಿಥಿಗಳನ್ನೆಲ್ಲ ಮುಂಚಿತವಾಗಿಯೇ, ಅವರು ಬರುವ ಮೊದಲೇ, ಒಟ್ಟಿಗೆ ಸ್ವಾಗತಿಸಿಬಿಟ್ಟಳು. ಆಮೇಲೆ ಬಂದವರು ವೇದಿಕೆಯ ಬುಡದಲ್ಲಿ ನಿಂತೇ ನಿಂತರು, ಯಾರೂ ಮೇಲೆ ಹತ್ತಲಿಲ್ಲ. ತಮ್ಮ ಕಿವಿಗೆ ಬೀಳದೆ ಆದ ಸ್ವಾಗತ ಅವರ ಲೆಕ್ಕಕ್ಕಿರಲಿಲ್ಲ. ಹೆದ್ದಾರಿಯ ಪಕ್ಕದ ಮೈದಾನವದು. ಪ್ರತಿ ಕಾರು ನಿಧಾನವಾದಾಗಲೂ ಬೌಲರು ತಾನಾಗಿಯೇ ನಿಂತು ಅವಳ ಕಡೆ ನೋಡುತ್ತಿದ್ದ. ಒಂದು ಕಾರಂತೂ ದಾರಿ ಕೇಳಲು ನಿಂತದ್ದು. ಅದರೊಳಗಿದ್ದ ಹಾಸನದ ಕುಟುಂಬ ಹೂಗುಚ್ಛ ತೆಗೆದುಕೊಂಡು, ಎರಡೂ ತಂಡಗಳ ಕೈ ಕುಲುಕಿ, ಮಹಾಲಕ್ಷ್ಮಿ ದೇವಸ್ಥಾನಕ್ಕೆ ಎಷ್ಟು ದೂರವೆಂದು ವಿಚಾರಿಸಿಕೊಂಡು ಹೋಯಿತು.

ತಿಂಗಳು ಮುಗಿಯುತ್ತಾ ಬಂತು. ರಾತ್ರಿ ಊಟಕ್ಕೆ ಕೂತರೆ ಮೇಜು ಅಲುಗುತ್ತಿತ್ತು. "ಕಾಲು ನಿಲ್ಲಿಸು," ಎಂದರು ಬರ್ತಾ. ಓಸ್ವಾಲ್ಡ್ ಮಗಳ ಮುಖ ನೋಡಿದರು.

"ಸ್ವಾಗತ ಇಲ್ಲದ ಆಟವನ್ನು ಯಾರು ಕೇಳ್ತಾರೆ, ಬಾಯೆ? ಬಂದವನನ್ನು ಬಾ ಅನ್ನದಿದ್ರೆ ಅದು ಎಂತ ಮೈಕು?"

"ಪಪ್ಪಾ, ನಿಮ್ಮದು ಮದುವೆ. ಅಲ್ಲಿ ಬಂದವರನ್ನು ನೋಡುವುದೇ ಕೆಲಸ. ಇಲ್ಲಿ ಆಟ ನಡೀತದೆ. ಯಾರೂ ನೋಡುವುದಿಲ್ಲ, ಎಲ್ಲರೂ ಗೇಟು ನೋಡ್ತಾರೆ."

ಓಸ್ವಾಲ್ಡ್ ಏನೂ ಹೇಳಲಿಲ್ಲ. ಆ ಮನೆಯಲ್ಲಿ ಅದು ಅಪರೂಪವಾದ್ದರಿಂದ ಬರ್ತಾ ಸಾರಿನ ಪಾತ್ರೆಯಿಂದ ತಲೆಯೆತ್ತಿ ನೋಡಿದರು.

ತಿಂಗಳ ಕೊನೆಯ ಭಾನುವಾರ ಕಾರ್ಕಳ. ಮೈದಾನದಿಂದ ನೋಡಿದರೆ ಬಂಡೆಯ ಮೇಲೆ ಗೊಮ್ಮಟ ಕಾಣುತ್ತಾನೆ. ಶತಮಾನಗಳಿಂದ ಒಂದೇ ಕಡೆ, ಕೈ ಕಾಲು ಅಲುಗಿಸದೆ ನಿಂತವನನ್ನು ಕಂಡಾಗಲೆಲ್ಲ ಶರೋನಳಿಗೆ ತನ್ನ ಕಾಲು ಇನ್ನಷ್ಟು ತುರಿಸುತ್ತಿತ್ತು. ಓಸ್ವಾಲ್ಡ್ ತಾವೇ ಸ್ಕೂಟರಿನಲ್ಲಿ ಕರೆತಂದರು. "ಹೇಗೂ ಅತ್ತೂರಿಗೆ ಹೋಗಿ ಸಂತ ಲಾರೆನ್ಸರಿಗೆ ಮೊಂಬತ್ತಿ ಹಚ್ಚಲಿಕ್ಕುಂಟು," ಎಂದರು. ಯಾವ ಹರಕೆಯೆಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಬೆಳಿಗ್ಗೆಯೆಲ್ಲ ಕ್ರಿಕೆಟ್, ಅಂದರೆ ಅತಿಥಿಗಳು. ಮಧ್ಯಾಹ್ನ ಕೋಳಿ ಸುಕ್ಕದ ಪರಿಮಳ ಬಂದದ್ದೇ ತಡ, ಮೈದಾನ ಚಪ್ಪರದ ಕಡೆ ಹರಿಯಿತು. ಆಟಗಾರರು, ದಾನಿಗಳು, ತಾರಾನಾಥಣ್ಣ, ಎಲ್ಲರೂ. ಕಿಟ್ಟ ಮೈಕನ್ನು ಅವಳ ಮುಂದೆ ತಳ್ಳಿ, "ಗಂಟಲಿಗೂ ಊಟ ಬೇಕಲ್ವಾ?" ಎಂದು ಹೊರಟ. ಬಿಸಿಲಿನಲ್ಲಿ ಉಳಿದದ್ದು ಅವಳು, ವಯರುಗಳ ನಡುವೆ ನೆವಿಲ್, ಮತ್ತು ಮೈದಾನದ ಆ ಬದಿಯಲ್ಲಿ ನೆಟ್ಟಿನ ಎರಡೂ ಕಡೆ ಏಳೇಳು ಹೆಂಗಸರು. ಹೆಂಗಸರ ತ್ರೋಬಾಲನ್ನು ಊಟದ ಹೊತ್ತಿಗೆ ಇಡುವುದು ಪದ್ಧತಿ. ಆಗ ಯಾರಿಗೂ ತೊಂದರೆಯಾಗುವುದಿಲ್ಲ.

"ರೆಕಾರ್ಡ್ ಒತ್ತಲಾ?" ಎಂದ ನೆವಿಲ್.

"ತ್ರೋಬಾಲಿಗಾ?"

"ಚೆಂಡೇ ಅಲ್ವಾ ಮಾರಾಯ್ತಿ? ಉರುಟು ಉಂಟು."

ಅವಳು ಗೇಟು ನೋಡಿದಳು. ಗೇಟು ಖಾಲಿ. ಜನ್ಮದಲ್ಲಿ ಮೊದಲ ಸಲ ಗೇಟು ಖಾಲಿ.

"ಒತ್ತು."

ಒಂದು ಕಡೆ ಹೆಬ್ರಿಯ ತಂಡ, ನಾಯಕಿ ಹರಿಣಾಕ್ಷಿ, ಅಂಗನವಾಡಿ ಟೀಚರ್. ಇನ್ನೊಂದು ಕಡೆ ಕಾರ್ಕಳದ ಗೇರುಬೀಜ ಕಾರ್ಖಾನೆಯ ತಂಡ, ನಾಯಕಿ ಜೋಸ್ಲಿನ್. ಹಿಡಿದ ಚೆಂಡನ್ನು ಕಣ್ಣು ಮಿಟುಕಿಸುವುದರೊಳಗೆ ಎಸೆಯಬೇಕು, ಅದು ನೆಲ ಮುಟ್ಟಿದರೆ ಅಂಕ ಹೋಯಿತು, ಅಷ್ಟೇ ಆಟ. ಇಬ್ಬರೂ ತಲಾ ಒಂದು ಸೆಟ್ ಗೆದ್ದಾಗಿತ್ತು. ಇದು ಕೊನೆಯದು.

ಮೊದಲ ಅರ್ಧ ನಿಮಿಷ ಶರೋನ್ ಉದಾಸೀನದಿಂದಲೇ ಹೇಳಿದಳು. ಆಮೇಲೆ ಜೋಸ್ಲಿನ್ ಎಸೆದ ಒಂದು ಚೆಂಡು ನೆಟ್ಟಿನ ಅಂಚು ಸವರಿ ಕಲ್ಲಿನಂತೆ ಬಿತ್ತು. ಹರಿಣಾಕ್ಷಿ ಅದರಡಿಗೆ ಮಂಡಿಯೂರಿ ಜಾರಿ ಎರಡೂ ಕೈಯಲ್ಲಿ ಹಿಡಿದಳು. ಶರೋನ್ ಅರಿವಿಲ್ಲದೆ ಎದ್ದು ನಿಂತಳು. ಮತ್ತೆ ಕೂರಲಿಲ್ಲ. ‘ಜೋಸ್ಲಿನ್ ಬಲಕ್ಕೆ ನೋಡಿದರು, ಎಡಕ್ಕೆ ಎಸೆದರು, ದಿನಕ್ಕೆ ಸಾವಿರ ಗೇರುಬೀಜ ಒಡೆಯುವ ಕೈ ಸುಳ್ಳು ಹೇಳುವುದನ್ನೂ ಕಲಿತಿದೆ. ಹೆಬ್ರಿ ಹಿಡಿಯಿತು. ಮರಳಿಸಿತು. ಹಿಂದಿನ ಮೂಲೆ ಖಾಲಿ, ಖಾಲಿ, ಇಲ್ಲ, ಹಳದಿ ಸೀರೆ ಎಲ್ಲಿಂದ ಬಂತು? ಸೆರಗು ಸೊಂಟಕ್ಕೆ, ಚೆಂಡು ಆಕಾಶಕ್ಕೆ...’ ಕಿಟ್ಟನ ಬಾನಂಗಳವಲ್ಲ, ನಿಜವಾದ ಆಕಾಶ. ಚೆಂಡು ನಿಜವಾಗಿಯೂ ಅಲ್ಲಿತ್ತು. ತಾನು ಹೇಳುತ್ತಿರುವುದು ನಡೆಯುತ್ತಿರುವುದಕ್ಕಿಂತ ಒಂದು ಕೂದಲೆಳೆಯಷ್ಟು ಮಾತ್ರ ಹಿಂದಿದೆ ಎಂದು ಅವಳಿಗೆ ಅನ್ನಿಸಿತು. ಮೈಯೊಳಗಿನ ಚಡಪಡಿಕೆಗೆಲ್ಲ ಹೋಗಲು ಒಂದು ದಾರಿ ಸಿಕ್ಕಿದಂತಿತ್ತು. ಊಟ ಬಡಿಸುತ್ತಿದ್ದ ಇಬ್ಬರು ಸೌಟು ಹಿಡಿದುಕೊಂಡೇ ಚಪ್ಪರದಿಂದ ಹೊರಗೆ ಬಂದು ನಿಂತರು.

ಹದಿನಾಲ್ಕು, ಹದಿನಾಲ್ಕು. ಇನ್ನು ಸತತ ಎರಡು ಅಂಕ ಗಳಿಸಿದವರಿಗೆ ಪಂದ್ಯ. ನೆವಿಲ್ ಲ್ಯಾಪ್‌ಟಾಪು ನೋಡಿ ಎಂಟು ಬೆರಳು ತೋರಿಸಿದ.

ಆಗ ಗೇಟಿನೊಳಗೆ ಒಂದು ಕಪ್ಪು ಕಾರು ಮೂತಿ ತೂರಿಸಿತು.

ತಾರಾನಾಥಣ್ಣ ತೊಳೆದ ಕೈ ಒರೆಸಿಕೊಳ್ಳುವ ಮೊದಲೇ ಓಡಿ ಬಂದರು. ಸಮಾರೋಪದ ಮುಖ್ಯ ಅತಿಥಿ, ಪುಣೆಯ ಹೋಟೆಲಿನವರು, ಸಂಜೆ ಬರಬೇಕಾದವರು ಈಗಲೇ ಬಂದುಬಿಟ್ಟಿದ್ದರು. ಅನ್ನದ ಅಗುಳು ಅಂಟಿದ ಚೀಟಿ ಶರೋನಳ ಮುಂದೆ ಬಂತು.

"ಹೇಳು ಹೇಳು, ಪುಣೆಯವರು. ಆಟ ನಿಲ್ಲಿಸ್ಲಿಕ್ಕೆ ಹೇಳು, ಹ್ಯಾಂಡ್‌ಶೇಕ್ ಮಾಡಿಸುವ."

ಶರೋನ್ ಚೀಟಿ ನೋಡಿದಳು. ಅದರ ಮೇಲೆ ನೀರಿನ ಬಾಟಲಿಯನ್ನಿಟ್ಟಳು. ‘ಹರಿಣಾಕ್ಷಿ ಚೆಂಡು ಹಿಡಿದಿದ್ದಾರೆ...’

"ಏ, ಕೇಳ್ತದಾ ನಿನಗೆ? ಅವರು ಅಲ್ಲಿ ನಿಂತಿದ್ದಾರೆ!"

ಅವರು ನಿಜವಾಗಿಯೂ ನಿಂತಿದ್ದರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಬಿಸಿಲಲ್ಲಿ, ವೇದಿಕೆಯ ಮೆಟ್ಟಿಲಿನ ಬುಡದಲ್ಲಿ, ಹೆಸರು ಕೇಳಿಬರುವವರೆಗೆ ಮೊದಲ ಮೆಟ್ಟಿಲಿಗೆ ಕಾಲಿಡಬಾರದೆಂಬ ಸಭ್ಯತೆಯಲ್ಲಿ. ಇಂಥದೊಂದು ದೃಶ್ಯ ಕರಾವಳಿಯಲ್ಲಿ ಹಿಂದೆ ನಡೆದಿರಲಿಕ್ಕಿಲ್ಲ. ತಾರಾನಾಥಣ್ಣ ಮೈಕಿಗೆ ಕೈ ಹಾಕಿದರು. ಶರೋನ್ ಮೈಕನ್ನು ಸ್ಟ್ಯಾಂಡಿನಿಂದ ಕಿತ್ತುಕೊಂಡು ಎರಡು ಹೆಜ್ಜೆ ಸರಿದಳು. ಮಾತು ಮಾತ್ರ ನಿಲ್ಲಲಿಲ್ಲ. ಹೆಬ್ರಿಗೆ ಹದಿನೈದನೆಯ ಅಂಕ ಬಂದದ್ದೂ ಅದರಲ್ಲೇ ಬಂತು.

ಮುಂದಿನದನ್ನು ನೆವಿಲ್ ಆಮೇಲೆ ಬಹಳ ಕಡೆ ಅಭಿನಯಿಸಿ ತೋರಿಸಿದ. ಅತ್ತೂರಿನಿಂದ ಮರಳಿ ಬಂದು ಮಾವಿನಮರದಡಿ ಸ್ಕೂಟರಿನ ಮೇಲೆ ಕೂತಿದ್ದ ಓಸ್ವಾಲ್ಡ್ ಎಲ್ಲವನ್ನೂ ನೋಡಿದರು: ಬಿಸಿಲಲ್ಲಿ ಅನಾಥವಾಗಿ ನಿಂತ ಅತಿಥಿ, ಮೈಕ್ ಬಿಡದ ಮಗಳು. ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡರು. ಕೂದಲು ಸವರಿಕೊಂಡರು. ಗ್ಲಾಸೆತ್ತಲು ಹೊರಟ ನಡಿಗೆಯಲ್ಲೇ ನಡೆದು ಬಂದು, ಪುಣೆಯವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಾರಾನಾಥಣ್ಣನ ಕಡೆ ತಿರುಗಿ "ನೀವು ಬಿಡಿ, ನಾನು ನೋಡಿಕೊಳ್ತೇನೆ" ಎಂದು, ಮೈಕಿಲ್ಲದೆ ಶುರುಮಾಡಿದರು. "ಇದೀಗ ನಮ್ಮ ನಡುವೆ ಆಗಮಿಸಿರುವ, ಕೊಡುಗೈ ದಾನಿ, ಸರಳ ಸಜ್ಜನಿಕೆಯ..." ಇಡೀ ಸ್ವಾಗತ, ಒಂದಕ್ಷರ ಬಿಡದೆ, ಒಬ್ಬರೇ ಒಬ್ಬರಿಗೆ. ಮುಗಿಸಿ, ಅವರನ್ನು ಹೆಗಲು ಹಿಡಿದು ನೆಟ್ಟಿನ ಕಡೆ ತಿರುಗಿಸಿ, "ಒಂದೇ ಪಾಯಿಂಟ್ ಉಂಟು ಸಾರ್. ನೋಡಿ," ಎಂದರು.

‘ಜೋಸ್ಲಿನ್ ಎಸೆದರು, ಅಂಗನವಾಡಿಯ ನಲವತ್ತು ಮಕ್ಕಳನ್ನು ಒಟ್ಟಿಗೆ ಹಿಡಿಯುವ ಕೈಗೆ ಇದೊಂದು ಚೆಂಡು ಯಾವ ಲೆಕ್ಕ? ಹಿಡಿದರು. ಎಸೆದರು. ಗೆರೆಯ ಹತ್ತಿರ, ಗೆರೆಯ ಮೇಲೆ, ಒಳಗೆ! ಹೆಬ್ರಿ!’

ನೆವಿಲ್ ಹತ್ತು ಬೆರಳು ಎತ್ತಿದ. ಪುಣೆಯವರು ಚಪ್ಪಾಳೆ ತಟ್ಟುತ್ತಿದ್ದರು.

"ಇಷ್ಟು ವರ್ಷ ಎಷ್ಟು ಟೂರ್ನಮೆಂಟಿಗೆ ಬಂದಿದ್ದೇನೆ," ಎಂದು ಅವರು ಆಮೇಲೆ ವೇದಿಕೆಯಲ್ಲಿ ಹೇಳಿದರು, "ಆಟ ಅಂತ ನೋಡಿದ್ದು ಇವತ್ತೇ."

ತಾರಾನಾಥಣ್ಣ ಕರಗಲಿಲ್ಲ. "ಅವರು ದೊಡ್ಡವರು, ಹಾಗೆ ಹೇಳ್ತಾರೆ. ನೀನು ಸಣ್ಣವಳು, ಹಾಗೆ ಮಾಡಬಾರದಿತ್ತು. ಇನ್ನು ಈ ಮೈಕು ನಿನಗಿಲ್ಲ ಬಾಯಮ್ಮ. ಅಲೆವೂರಿನದ್ದೂ ಇಲ್ಲ, ಉಚ್ಚಿಲದ್ದೂ ಇಲ್ಲ." ಅವರು ಅಂದದ್ದನ್ನು ಮಾಡುವವರೇ. ಮರುದಿನದಿಂದಲೇ ಅವಳ ಜಾಗಕ್ಕೆ ಇನ್ನೊಬ್ಬಳು ಸ್ವಾಗತಕ್ಕೆ ಗೊತ್ತಾದಳು.

ಆದರೂ ಅವಳಿಗೆ ಹತ್ತು ನಿಮಿಷ ಸಿಕ್ಕಿತ್ತು. ವ್ಯಾನಿನಲ್ಲಿ ಕೂತು ಇಬ್ಬರೂ ಹೆಡ್‌ಫೋನಿನ ಒಂದೊಂದು ಕಿವಿ ಹಂಚಿಕೊಂಡು ಕೇಳಿದರು. ಒಂಬತ್ತನೆಯ ನಿಮಿಷಕ್ಕೆ ನೆವಿಲ್ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದ. ಅವಳ ಮಾತಿನ ಹಿಂದೆ, ಸ್ಫುಟವಾಗಿ, ಮದುವೆ ಹಾಲಿನ ಕೊನೆಯ ಸಾಲಿಗೂ ಕೇಳಿಸುವಂತೆ: ‘ಸರಳ ಸಜ್ಜನಿಕೆಯ, ಹುಟ್ಟೂರನ್ನು ಮರೆಯದ...’

"ತೆಗೀಲಿಕ್ಕೆ ಆಗ್ತದಾ?"

"ನಿನ್ನ ಪಪ್ಪನ ಸ್ವರ ಯಾವ ಮೆಷಿನಿಗೂ ಹೆದರುವಂಥದ್ದಲ್ಲ. ತೆಗೆದ್ರೆ ನಿನ್ನದೂ ಹೋಗ್ತದೆ. ಅಷ್ಟು ಭಾಗ ಕತ್ತರಿಸಿದ್ರೆ ಕೊನೆಯ ಪಾಯಿಂಟ್ ಹೋಗ್ತದೆ, ಹತ್ತು ನಿಮಿಷವೂ ಆಗುವುದಿಲ್ಲ." ಅವನು ಅವಳ ಮುಖ ನೋಡಿದ. "ಎಂತ ಮಾಡುವ?"

ಸ್ವಾಗತ ಇರಬಾರದು, ಕತ್ತರಿ ಹಾಕಿರಬಾರದು. ಎರಡರಲ್ಲಿ ಒಂದು ಮುರಿಯಲೇಬೇಕು. ಅವಳು ಕೊನೆಯ ಅಂಕವನ್ನು ಇನ್ನೊಮ್ಮೆ ಕೇಳಿದಳು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಕಳಿಸಿದಳು. ತಂದೆಗೆ ಏನೂ ಹೇಳಲಿಲ್ಲ. ಪಾಂಗಾಳದ ಸೋದರಮಾವನೊಬ್ಬನೇ ಸಾಕಿತ್ತು ಅವರ ಆಯುಸ್ಸಿಗೆ.

ಒಂದು ವಾರ ಫೋನಿಲ್ಲ. ಕೌಂಟರಿನ ಕೆಳಗೆ ಅವಳ ಕಾಲು ಕಂಪ್ಯೂಟರಿನ ವಯರನ್ನು ಎರಡು ಸಲ ಕಿತ್ತಿತು. ಟೋಕನ್ ಇಪ್ಪತ್ತನ್ನು ಕರೆಯುತ್ತಿದ್ದಾಗ ಫೋನ್ ಬಂತು.

"ಕೇಳಿದೆ," ಎಂದ ಅನಂತೇಶ. "ಯಾರನ್ನೂ ಸ್ವಾಗತಿಸಬಾರದು ಅಂದಿದ್ದೆ."

"ನಾನು ಸ್ವಾಗತಿಸಿದ್ದಲ್ಲ. ಅದು ನನ್ನ ತಂದೆ."

"ಮೈಕ್ ಹಿಡಿದು?"

"ಇಲ್ಲ. ಮೈಕ್ ಇಲ್ಲದೆ, ವೇದಿಕೆಯ ಕೆಳಗಿಂದ."

ಆ ಕಡೆಯಿಂದ ಉಸಿರು ಸಿಕ್ಕಿಹಾಕಿಕೊಂಡಂಥ ಸದ್ದು. ಈ ಸಲ ಪೂರ್ತಿ ಬಾಯಿಯ ನಗು. "ಮೇಡಂ, ಆ ಸ್ವರ ಅಷ್ಟು ಹತ್ತಿರದಲ್ಲಿ ಬಡ್ಕೊಳ್ತಿದ್ರೂ ನೀವು ಒಂದು ಎಸೆತ ಬಿಟ್ಟಿಲ್ಲ. ಇಲ್ಲಿ ನಮ್ಮವರು ಕಿವಿಯಲ್ಲಿ ಡೈರೆಕ್ಟರ್ ಕೆಮ್ಮಿದರೆ ಚೆಂಡು ಮರೀತಾರೆ. ಎರಡು ಪಂದ್ಯ ಕೊಡ್ತೀವಿ, ಹೆಂಗಸರ ಕಬಡ್ಡಿ. ಯಾರೂ ಜಾಸ್ತಿ ನೋಡಲ್ಲ, ಹೇಳಿಬಿಡ್ತೀನಿ. ಆಮೇಲೆ ನೋಡುವ. ಇನ್ನೊಂದು, ಪ್ರತಿ ರೈಡಿನ ಮಧ್ಯೆ ಒಬ್ಬರು ಪ್ರಾಯೋಜಕರ ಹೆಸರು ಹೇಳಬೇಕಾಗ್ತದೆ. ಅಭ್ಯಾಸ ಉಂಟಾ?"

ಶರೋನ್ ಮೈಕ್ ಆರಿಸುವುದನ್ನು ಮರೆತೇ ನಕ್ಕಳು. ಕಾಯುತ್ತಿದ್ದ ದವಡೆಗಳೆಲ್ಲ ತಲೆಯೆತ್ತಿ ನೋಡಿದವು.

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಬರ್ತಾ ಶಿಲುಬೆಯ ಗುರುತು ಹಾಕಿಕೊಂಡರು. ಓಸ್ವಾಲ್ಡ್ ಕೆಮ್ಮಿ, ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅತ್ತೂರಿನ ಮೊಂಬತ್ತಿಯ ಬಗ್ಗೆ ಏನಾದರೂ ಹೇಳುವರೆಂದು ಅವಳು ಕಾದಳು.

"ಎಲ್ಲ ಸರಿ ಬಾಯೆ," ಎಂದರು. "ಅಲ್ಲಿಗೆ ಅತಿಥಿಗಳು ಯಾರೆಲ್ಲ ಬರ್ತಾರಂತೆ?"

ಮೇಜಿನ ಕೆಳಗೆ ಅವಳ ಕಾಲು ಆಗಲೇ ಆಡತೊಡಗಿತ್ತು.